ಸೋಮವಾರದವರೆಗೆ ರೋಮ್

ರೋಮ್‌ಗೆ ಹೋಗೋಣವೆಂದು ಹಟ ಹಿಡಿದವಳು ನಾನೇ. ಮದುವೆಗೆ ಮುಂಚೆ ಧಾರವಾಡದ ಕಡೆಯ ಒಂದು ಕಾಲೇಜಿನಲ್ಲಿ ಮೂರು ವರ್ಷ ಇತಿಹಾಸ ಕಲಿಸಿದ್ದೆ. ರೋಮ್ ಸಾಮ್ರಾಜ್ಯದ ಪತನಕ್ಕೆ ಕಾರಣಗಳೇನು ಎಂಬ ಹತ್ತು ಅಂಕದ ಪ್ರಶ್ನೆಗೆ ಪ್ರತಿ ವರ್ಷ ನೋಟ್ಸ್ ಬರೆಸುತ್ತಿದ್ದೆ. ಪುಸ್ತಕ ನೋಡದೆ ಬೋರ್ಡಿನ ಮೇಲೆ ಆ ಊರಿನ ನಕ್ಷೆ ಬಿಡಿಸುತ್ತಿದ್ದೆ. ಆಮೇಲೆ ನ್ಯೂಜೆರ್ಸಿಯ ಐಸೆಲಿನ್‌ಗೆ ಬಂದೆ. ಗಂಡನ ವೀಸಾದ ಬಾಲ ಹಿಡಿದು ಬಂದ ಹೆಂಡತಿ ಅಲ್ಲಿ ಕೆಲಸ ಮಾಡುವಂತಿರಲಿಲ್ಲ. ಹಾಗಾಗಿ ಮನೆಯ ಕಾಗದಪತ್ರಗಳನ್ನು ಕಾಯುವುದನ್ನೇ ನೌಕರಿ ಮಾಡಿಕೊಂಡೆ. ದಪ್ಪದೊಂದು ಫೈಲು, ಅದರೊಳಗೆ ಬಣ್ಣಬಣ್ಣದ ಚೀಟಿಗಳು. ಯಾರು ಯಾವ ಕಾಗದ ಕೇಳಿದರೂ ಅರೆ ನಿಮಿಷದಲ್ಲಿ ತೆಗೆದುಕೊಡುತ್ತಿದ್ದೆ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಎರಡು ಸಾವಿರದ ಇಸವಿ ಬರುತ್ತದೆಂದು ಜಗತ್ತಿನ ಕಂಪ್ಯೂಟರುಗಳಿಗೆಲ್ಲ ಜ್ವರ ಬಂದಿದ್ದ ಕಾಲ ಅದು. ನನ್ನ ಗಂಡ ಬಾಸ್ಕಿಂಗ್ ರಿಡ್ಜ್‌ನ ಆಫೀಸಿನಲ್ಲಿ ಆ ಜ್ವರ ಇಳಿಸುವವರಲ್ಲಿ ಒಬ್ಬರು. ಮದುವೆಯ ಐದನೆಯ ವರ್ಷಕ್ಕೆ ಏನು ಬೇಕು ಎಂದು ಕೇಳಿದರು, ರೋಮ್ ಅಂದೆ. ವೀಕೆಂಡಿಗೆ ಅಗ್ಗದ ಟಿಕೆಟ್ ಸಿಕ್ಕಿತು. ನಮ್ಮ ಮೂರು ವರ್ಷದ ಮಗಳನ್ನು ಕೆಳಗಿನ ಅಪಾರ್ಟ್‌ಮೆಂಟಿನ ಮೈಸೂರಿನ ಆಂಟಿ ನೋಡಿಕೊಳ್ಳುತ್ತೇನೆ ಅಂದರು. ಇಟಲಿಯವರು ವೀಸಾ ಕೊಟ್ಟರು. ಇನ್ನೇನು ಹೊರಡಬೇಕು ಅನ್ನುವಾಗ ಆಫೀಸಿನಲ್ಲಿ ಏನೋ ಎಡವಟ್ಟಾಗಿ ಪ್ರಯಾಣ ಒಂದು ವಾರ ಮುಂದಕ್ಕೆ ಹೋಯಿತು. ನಾನು ಫೈಲು ತೆಗೆದು ಮತ್ತೆ ಎಲ್ಲ ನೋಡಿದೆ: ಬದಲಾದ ಟಿಕೆಟ್, ಇಟಲಿಯ ವೀಸಾ, ಮಗಳಿಗೆ ಹುಷಾರು ತಪ್ಪಿದರೆ ಡಾಕ್ಟರಿಗೆ ತೋರಿಸಲು ಆಂಟಿಯ ಕೈಗೊಂದು ಪತ್ರ. ಎಲ್ಲ ಸರಿಯಾಗಿತ್ತು.

ಶುಕ್ರವಾರ ಸಂಜೆ ಹೊರಟು ಶನಿವಾರ ಬೆಳಿಗ್ಗೆ ರೋಮ್ ತಲುಪಿದೆವು. ಹೋಟೆಲಿನ ಕೌಂಟರಿನಲ್ಲಿದ್ದ ಮುದುಕ ಪಾಸ್‌ಪೋರ್ಟುಗಳನ್ನು ಇಸಿದುಕೊಂಡು, ನಾವು ಮುಖ ತೊಳೆದು ಕೆಳಗಿಳಿದಾಗ ವಾಪಸು ಕೊಟ್ಟ. ನನ್ನ ಫೋಟೊ ಎಷ್ಟು ಕೆಟ್ಟದಾಗಿದೆ ಎಂದು ಗಂಡನಿಗೆ ತೋರಿಸಿ ನಗಲು ಅಲ್ಲೇ ತೆಗೆದೆ. ಪುಟ ತಿರುವಿದಾಗ ಅಮೆರಿಕದ ವೀಸಾದ ಮೇಲಿನ ತಾರೀಖು ಕಂಡಿತು.

"ರೀ, ಇದೇನ್ರಿ ಇದು? ನಿನ್ನೆಗೇ ಮುಗದದಲ್ಲ!"

ಅವರೂ ತಮ್ಮದನ್ನು ತೆಗೆದು ನೋಡಿದರು. ಅದೇ ತಾರೀಖು.

"ಎಕ್ಸ್‌ಟೆನ್ಷನ್ ಪೇಪರ್ ಬಂದದಲ್ಲ, ಅದರ ಮ್ಯಾಲೆ ಹೋಗಬಹುದು. ವುಡ್‌ಬ್ರಿಡ್ಜ್‌ನ ನಮ್ಮ ಗೆಳ್ಯಾರು ಹಂಗ ಕೆನಡಾಕ್ಕ ಹೋಗಿ ಬರಲಿಲ್ಲೇನು?"

"ಇದು ಕೆನಡಾ ಏನ್ರಿ?"

ಅಮೆರಿಕದಲ್ಲಿ ಇರುವ ಅವಧಿ ಮುಂದುವರಿಸುವ ಎಕ್ಸ್‌ಟೆನ್ಷನ್ ಕಾಗದ ಬಂದಿದ್ದು ನಿಜ. ಎರಡು ತಿಂಗಳ ಹಿಂದೆ ಬಂದಾಗ ನಾನೇ ಹಸಿರು ಚೀಟಿ ಹಚ್ಚಿ ಫೈಲಿಗೆ ಸೇರಿಸಿದ್ದೆ, ಇನ್ನು ಮೂರು ವರ್ಷ ನಿಶ್ಚಿಂತೆ ಎಂದು ಪಾಯಸ ಮಾಡಿದ್ದೆ. ಆದರೆ ಆ ಕಾಗದ ಒಳಗಿದ್ದವರು ಒಳಗೇ ಇರುವುದಕ್ಕೆ. ಪಕ್ಕದ ಕೆನಡಾ ಬಿಟ್ಟು ಬೇರೆ ಕಡೆ ಹೋದವರು ಒಳಗೆ ಬರಬೇಕಾದರೆ ಪಾಸ್‌ಪೋರ್ಟಿನಲ್ಲಿ ವೀಸಾ ಬೇಕು. ಮೊದಲಿನ ವಾರವೇ ಬಂದಿದ್ದರೆ ಏನೂ ಆಗುತ್ತಿರಲಿಲ್ಲ.

ಮುದುಕನೇ ನಮ್ಮ ಪರವಾಗಿ ಏರ್‌ಪೋರ್ಟಿಗೆ ಫೋನು ಮಾಡಿದ. ವೀಸಾ ಇಲ್ಲದೆ ಸೋಮವಾರದ ವಿಮಾನ ಹತ್ತಿಸುವುದಿಲ್ಲ ಎಂದರು. ಅಮೆರಿಕದ ರಾಯಭಾರ ಕಚೇರಿಯಲ್ಲಿ ರೆಕಾರ್ಡು ಮಾಡಿದ ದನಿ, ಸೋಮವಾರ ಬೆಳಿಗ್ಗೆ ಬನ್ನಿ ಎಂದಿತು. ನಮ್ಮ ವೀಸಾದ ಕೆಲಸ ನೋಡುತ್ತಿದ್ದ ನ್ಯೂಜೆರ್ಸಿಯ ವಕೀಲರ ಫೋನು ಎತ್ತಿದ್ದೂ ಯಂತ್ರವೇ. ಮುದುಕ ಹರಕು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದ: ಇವತ್ತು ಶನಿವಾರ, ನಾಳೆ ಭಾನುವಾರ, ಎಲ್ಲ ಬಂದ್. ನೀವು ರೋಮ್ ನೋಡಿ. ಊರಿನ ನಕ್ಷೆ ಬಿಚ್ಚಿ, ನೋಡಬೇಕಾದ ಕಡೆಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಕೊಟ್ಟ. ಬೇರೆ ಏನು ಮಾಡಲಿಕ್ಕೂ ಇರಲಿಲ್ಲ. ರೋಮ್ ನೋಡಲು ಹೊರಟೆವು.

ರೋಮಿನಲ್ಲಿ ಗಂಡನನ್ನು ಬೈಯಲು ಒಂದು ಅನುಕೂಲವಿದೆ, ಯಾರಿಗೂ ಅರ್ಥವಾಗುವುದಿಲ್ಲ. ಕೊಲೋಸಿಯಮ್ಮಿನ ಸಾಲಿನಲ್ಲಿ ನಿಂತು ಒಂದು ತಾಸು ಬೈದೆ. ನಿಮ್ಮ ಆಫೀಸು, ನಿಮ್ಮ ಕಂಪ್ಯೂಟರು, ನಿಮ್ಮ ಎರಡು ಸಾವಿರದ ಇಸವಿ. ಸಾಲು ಮುಗಿಯುವ ಹೊತ್ತಿಗೆ ಬೈಗುಳವೂ ಮುಗಿದು, ಫೈಲು ಇದ್ದದ್ದು ನನ್ನ ಹತ್ತಿರ ಎಂಬುದೊಂದೇ ಉಳಿಯಿತು.

ಅಲ್ಲಿಂದ ಪುರಾತನ ರೋಮಿನ ಚೌಕವಾದ ಫೋರಮ್ಮಿಗೆ ಹೋದೆವು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಹಾಗೆಯೇ ಇತ್ತು. ಈ ಕಡೆ ಸೆನೆಟ್, ಆ ಕಡೆ ದೇವಸ್ಥಾನ, ನಡುವೆ ವಿಜಯದ ಮೆರವಣಿಗೆಯ ದಾರಿ. ಒಂದೂ ತಪ್ಪಿರಲಿಲ್ಲ. ಮೂರು ಎತ್ತರದ ಕಂಬಗಳನ್ನು ತೋರಿಸಿ ಗಂಡ ಮೆಲ್ಲಗೆ ಕೇಳಿದರು, "ಇದೇನದು?"

"ಕಲ್ಲು" ಅಂದೆ.

ಮಧ್ಯಾಹ್ನ ದೊಡ್ಡ ಕಾರಂಜಿಯ ಮುಂದೆ ಕೂತು ಮನೆಯಿಂದ ತಂದ ಚಪಾತಿ, ಶೇಂಗಾ ಚಟ್ನಿ ತಿಂದೆವು. ಬೆನ್ನು ತಿರುಗಿಸಿ ನಿಂತು ನೀರಿಗೆ ನಾಣ್ಯ ಎಸೆದರೆ ಮತ್ತೆ ರೋಮಿಗೆ ಬರುತ್ತಾರಂತೆ. ಜನ ನಗುತ್ತ ಎಸೆಯುತ್ತಿದ್ದರು. ಇಲ್ಲಿಂದ ಹೋಗುವುದೇ ಅನುಮಾನ, ಮತ್ತೆ ಬರುವ ಹರಕೆ ಬೇರೆ! ಯಾರೋ ಪುಣ್ಯಾತ್ಮರು ತಾವಾಗಿ ನಮ್ಮ ಕ್ಯಾಮೆರಾ ಇಸಿದುಕೊಂಡು, ನಗಿ ನಗಿ ಎಂದು ಕೈಸನ್ನೆ ಮಾಡಿ ಫೋಟೊ ತೆಗೆದರು. ನಗು ಬಂದಿದೆ ಫೋಟೊದಲ್ಲಿ.

ಊಟ ಆದ ಮೇಲೆ ಬೂತಿನಿಂದ ಐಸೆಲಿನ್‌ಗೆ ಫೋನು ಮಾಡಿದೆ. ಆಂಟಿಗೆ ವಿಷಯ ಹೇಳಿದೆ. "ನೀವೇನೂ ಯೋಚ್ನೆ ಮಾಡ್ಬೇಡಿ. ಮಗು ಆರಾಮಾಗಿದೆ. ಇಡ್ಲಿ ತಿಂದ್ಲು. ಎಷ್ಟು ದಿನ ಆದ್ರೂ ನಾನಿದ್ದೀನಲ್ಲ" ಅಂದರು. ಎಷ್ಟು ದಿನ ಆದರೂ ಅಂದದ್ದು ಕೇಳಿದ ಮೇಲೆ ಮಗಳನ್ನು ಕರೆಯಿರಿ ಅನ್ನಲು ಧೈರ್ಯ ಬರಲಿಲ್ಲ.

ಭಾನುವಾರ ಮುದುಕನ ಕೆಂಪು ಸುತ್ತುಗಳಲ್ಲಿ ಉಳಿದಿದ್ದನ್ನು ನೋಡಿದೆವು. ಪ್ಯಾಂಥಿಯಾನಿನ ಗುಮ್ಮಟದ ನೆತ್ತಿಯಲ್ಲಿ ದೊಡ್ಡ ತೂತು, ಅದರಿಂದ ಬಿಸಿಲು ಕೆಳಗೆ ಬೀಳುತ್ತದೆ. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ನಾನು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು, "ತಪ್ಪು ನಂದರೀ" ಅಂದೆ.

"ನೀ ಒಬ್ಬಾಕಿನ ನೋಡಬೇಕಿತ್ತೇನು? ಪಾಸ್‌ಪೋರ್ಟ್ ನಂದೂ ಇತ್ತು" ಅಂದರು.

ಬೈದಿದ್ದರೆ ಚೆನ್ನಾಗಿತ್ತು. ಅಷ್ಟು ಜನರ ನಡುವೆ ಅತ್ತುಬಿಟ್ಟೆ. ಕಾವಲಿನವನು ಬಂದು, ಮಾತಾಡಬೇಡಿ ಎಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿ ಹೋದ.

ಆವತ್ತು ಫೋನಿನಲ್ಲಿ ಮಗಳನ್ನು ಕರೆಸಿದೆ.

"ಅಮ್ಮಾ, ವೆನ್ ಆರ್ ಯು ಕಮಿಂಗ್?"

ಸುಳ್ಳು ಹೇಳಬಾರದೆಂದು ಮೊದಲೇ ನಿಶ್ಚಯ ಮಾಡಿಕೊಂಡಿದ್ದೆ. "ಆಫೀಸು ಬಂದ್ ಅದ, ಪುಟ್ಟಿ. ಆಫೀಸು ತಗದ ಕೂಡಲೆ ಬರ್ತೇವಿ."

"ಓಕೆ" ಅಂದಳು. ಹಿಂದೆ ಟೀವಿಯ ಸದ್ದಿತ್ತು. ಫೋನು ಆಂಟಿಯ ಕೈಗೆ ಕೊಟ್ಟು ಓಡಿಹೋದಳು.

ಸೋಮವಾರ ರಾಯಭಾರ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ಸಾಲಿನಲ್ಲಿ ನಿಂತೆವು. ಗಾಜಿನ ಹಿಂದಿದ್ದ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಅರ್ಜಿ ತೆಗೆದುಕೊಳ್ಳುತ್ತೇವೆ, ವಾರವಾದರೂ ಬೇಕು, ಕೊಡುತ್ತೇವೆಂದು ಮಾತ್ರ ಹೇಳಲಾರೆ. ಆಗದಿದ್ದರೆ ನಿಮ್ಮ ದೇಶಕ್ಕೆ ಹೋಗಿ ಅಲ್ಲಿಂದ ಪ್ರಯತ್ನ ಮಾಡಬೇಕು ಅಂದಳು. ನಾನು ಗಾಜಿಗೆ ಮುಖ ತಾಗಿಸಿ, ನನ್ನ ಮೂರು ವರ್ಷದ ಮಗಳು ಅಲ್ಲಿದ್ದಾಳೆ, ಅವಳು ಅಲ್ಲೇ ಹುಟ್ಟಿದವಳು, ನಿಮ್ಮ ದೇಶದ ಪ್ರಜೆ ಎಂದೆ. ಅದು ನಮ್ಮ ಕೈಲಿರುವ ದೊಡ್ಡ ಆಧಾರ ಎಂದು ಎರಡು ದಿನದಿಂದ ನಂಬಿದ್ದೆ.

ಅವಳ ಮುಖದಲ್ಲಿ ನಿಜವಾದ ಸಮಾಧಾನ ಕಾಣಿಸಿತು. ಹಾಗಾದರೆ ಮಗುವಿಗೇನೂ ತೊಂದರೆಯಿಲ್ಲ ಬಿಡಿ ಅಂದಳು.

ನಮ್ಮ ಮೂವರಲ್ಲಿ ಆ ದೇಶಕ್ಕೆ ಯಾರನ್ನೂ ಕೇಳದೆ ಕಾಲಿಡಬಲ್ಲವಳು, ಶೂಗಳಲ್ಲಿ ಎಡ ಯಾವುದು ಬಲ ಯಾವುದು ಎಂದು ಇನ್ನೂ ಗೊತ್ತಾಗದ ಅವಳೊಬ್ಬಳೇ ಆಗಿದ್ದಳು.

ಪುಣ್ಯಕ್ಕೆ ಇಟಲಿಯ ವೀಸಾ ಹದಿನೈದು ದಿನದ್ದಿತ್ತು. ಇನ್ನೂ ಒಂಬತ್ತು ದಿನ ರೋಮ್ ನೋಡಿದೆವು. ಮುದುಕನ ಕೆಂಪು ಸುತ್ತುಗಳು ಮುಗಿದು, ನೋಡಿದ್ದನ್ನೇ ಮತ್ತೆ ನೋಡಿದೆವು. ದಿನಾ ಮಧ್ಯಾಹ್ನ ಬೂತಿಗೆ ಹೋಗಿ ಮಗಳಿಗೆ ಅದೇ ಮಾತು ಹೇಳಿದೆ, ಆಫೀಸು ಬಂದ್ ಅದ, ತಗದ ಕೂಡಲೆ ಬರ್ತೇವಿ. ಒಂಬತ್ತನೆಯ ದಿನ ವೀಸಾ ಕೊಟ್ಟರು. ಐಸೆಲಿನ್‌ಗೆ ವಾಪಸು ಬಂದ ಮೇಲೆ ಓಕ್ ಟ್ರೀ ರೋಡಿನ ಅಂಗಡಿಯಲ್ಲಿ ಸಿಕ್ಕ ಪರಿಚಯದವರೊಬ್ಬರು, "ಹನ್ನೊಂದು ದಿನ ರೋಮಾ? ಪುಣ್ಯ ಮಾಡಿದ್ರಿ ಬಿಡಿ" ಅಂದರು.

ಆಂಟಿಯ ಮನೆಯಿಂದ ಮಗಳು ಅಳದೆ ನಮ್ಮ ಜೊತೆ ಬಂದಳು. ತಾಯಿಯ ಮುಖ ಮರೆತಿರಲಿಲ್ಲ, ಸಿಟ್ಟೂ ಇರಲಿಲ್ಲ. ಅಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಮರುದಿನ ಬಟ್ಟೆಯ ಬುಟ್ಟಿ ಹಿಡಿದು ಕೆಳಗಿನ ಲಾಂಡ್ರಿಗೆ ಹೊರಟವಳನ್ನು ಬಾಗಿಲಲ್ಲಿ ತಡೆದಳು.

"ಅಮ್ಮಾ, ಈಸ್ ದಿ ಆಫೀಸ್ ಓಪನ್?"

"ತಗದದ, ಪುಟ್ಟಿ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನೆಲದ ಮೇಲೆ ಕೂತು, ಎಡದ ಶೂ ಬಲಗಾಲಿಗೆ ಹಾಕಿಕೊಂಡು, ನನ್ನ ಜೊತೆ ಹೊರಟಳು.