ಕಪ್ಪು ಶಾಲಿನ ಬೂದು ದಾರ

ವೆಲಿಕಾ ಅನುಮಾನದ ಗಳಿಗೆಯಲ್ಲೇ ಹುಟ್ಟಿದವಳು ಎಂದು ಊರವರು ಆಡಿಕೊಳ್ಳುತ್ತಿದ್ದರು. ಸಹಕಾರಿ ಕೊಟ್ಟಿಗೆಯಲ್ಲಿ ಹಸು ಕರೆಯುತ್ತಿದ್ದ ಕಾಲದಲ್ಲಿ, ಯಾರಾದರೂ ನೀರು ಬೆರೆಸಿಯಾರೆಂದು ಹಾಲಿನ ಕ್ಯಾನಿನ ಮೇಲೆಯೇ ಕೂತು ಊಟ ಮಾಡಿದವಳು. ಯಾರನ್ನೂ ತನ್ನ ಬೆನ್ನ ಹಿಂದೆ ನಡೆಯಗೊಡುತ್ತಿರಲಿಲ್ಲ. ಗಂಡ ತಾನಾಸ್ ಮಾತ್ರ ನಗುತ್ತಿದ್ದ. "ನನ್ ಹೆಂಡ್ತಿ ಕನ್ನಡೀಲಿ ತನ್ನ ಮುಖ ಕಂಡ್ರೂ, ಯಾರೇ ನೀನು, ಯಾಕ್ ಬಂದೆ ಅಂತಾಳೆ!"

ಆ ನಗುವ ಮನುಷ್ಯ ಹೋದ ಚಳಿಗಾಲದಲ್ಲಿ ಸತ್ತ. ದೊಬ್ರುಜಾ ಬಯಲಿನ ಆ ಊರನ್ನು ಸೀಳಿಕೊಂಡು ಹೋಗುವ ರಸ್ತೆಗೆ ದೀಪವಿಲ್ಲ, ಜನ ನಡೆಯಲು ಜಾಗವಿಲ್ಲ. ಡಾಂಬರು ಮುಗಿದಲ್ಲಿ ಚರಂಡಿ. ಗೋಧಿ ಹೇರಿಕೊಂಡ ಲಾರಿಗಳು ದೆವ್ವ ಹೊಕ್ಕವುಗಳಂತೆ ಬಂದರಿನ ಕಡೆ ಓಡುತ್ತವೆ. ಮುಸ್ಸಂಜೆಯಲ್ಲಿ ಸೈಕಲ್ ತುಳಿದುಕೊಂಡು ಬರುತ್ತಿದ್ದ ತಾನಾಸನನ್ನು ತಿರುವಿನಲ್ಲಿ ಯಾವುದೋ ಗಾಡಿ ಹೊಡೆದು, ನಿಲ್ಲದೆ ಹೋಯಿತು. ಯಾವುದೆಂದು ಇವತ್ತಿಗೂ ಗೊತ್ತಿಲ್ಲ.

ಅಂದಿನಿಂದ ವೆಲಿಕಾ ಮನುಷ್ಯರ ಮುಖ ನೋಡುವುದನ್ನು ಬಿಟ್ಟು ಅವರ ಕಾರುಗಳ ಮೂತಿ ನೋಡತೊಡಗಿದಳು. ಚರ್ಚಿನ ಪಾದ್ರಿಯನ್ನೂ ಬಿಡಲಿಲ್ಲ.

"ಫಾದರ್, ಈ ಬಂಪರ್ ಯಾಕೆ ನೆಗ್ಗಿದೆ?"

"ಹಸು ಗುದ್ದಿತು ಕಣಮ್ಮ."

"ಯಾರ ಮನೆ ಹಸು? ಹೇಳಿ, ಅದನ್ನೇ ಹೋಗಿ ವಿಚಾರಿಸ್ತೀನಿ."

ಆ ಕಡೆ ಸತ್ತವರ ಮುಖ ಅಚ್ಚು ಹಾಕಿದ ಹಾಳೆಯನ್ನು ಗೇಟಿಗೆ, ಬಸ್ ನಿಲ್ದಾಣಕ್ಕೆ, ಕಂಬಗಳಿಗೆ ಅಂಟಿಸುತ್ತಾರೆ. ಸತ್ತು ನಲವತ್ತು ದಿನ ತುಂಬಿದಾಗ ಒಂದು, ಆರು ತಿಂಗಳಿಗೊಂದು, ವರ್ಷಕ್ಕೊಂದು. ವೆಲಿಕಾ ತಾನಾಸನ ಹಾಳೆಯನ್ನು ಆ ತಿರುವಿನ ಕಂಬಕ್ಕೇ ಅಂಟಿಸಿದಳು. ಮಳೆಗೆ ಮುಖ ಕರಗಿದರೆ ಇನ್ನೊಂದು ಅಂಟಿಸುವಳು. ದಿನಾ ಅವನು ಬಿದ್ದ ಹೊತ್ತಿಗೆ ಸರಿಯಾಗಿ ಅಲ್ಲಿ ಹೋಗಿ ಮೇಣದ ಬತ್ತಿ ಹಚ್ಚಿ ನಿಲ್ಲುವಳು. ಕೊಂದವನು ಆ ಮುಖ ಕಂಡು ಬೆಚ್ಚಿ ಬ್ರೇಕ್ ಒತ್ತಿಯೇ ಒತ್ತುತ್ತಾನೆಂಬುದು ಅವಳ ಲೆಕ್ಕ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳಲೇಬೇಕಲ್ಲ!

ತಲೆಯಿಂದ ಕಾಲಿನವರೆಗೆ ಕಪ್ಪು. ಗಂಡ ಸತ್ತವಳು ಇನ್ನೇನು ಉಟ್ಟಾಳು? ಕತ್ತಲಲ್ಲಿ ಕತ್ತಲಾಗಿ ನಿಂತ ಅತ್ತೆಯನ್ನು ನೆನೆದು ಸೊಸೆ ಸೆವ್ದಾಳಿಗೆ ಅನ್ನ ಸೇರುತ್ತಿರಲಿಲ್ಲ. ಅವಳು ಪಟ್ಟಣದ ಹೊಲಿಗೆ ಕಾರ್ಖಾನೆಯಲ್ಲಿ ರಸ್ತೆ ಕೆಲಸದವರ ಬಟ್ಟೆ ಹೊಲಿಯುವವಳು. ಒಂದು ದಿನ ಹಳದಿ ಜಾಕೀಟು ತಂದಳು.

"ಅತ್ತೆ, ಇದನ್ನ ಹಾಕ್ಕೊಳ್ಳಿ. ಲಾರಿಯವರಿಗೆ ಕಾಣ್ತೀರಿ."

"ಹಳದಿಯಾ? ಮದುವೆ ದಿಬ್ಬಣಕ್ಕೆ ಹೊರಟಿದೀನಾ ನಾನು? ವರ್ಷ ತುಂಬಿಲ್ಲ, ಮುದುಕಿ ಮೆರೀತಿದಾಳೆ ಅಂತ ಊರು ಉಗೀಲಿ ಅಂತಲೇ ತಂದಿದೀಯ ನೀನು!"

ಮಡಿಕೆ ಬಿಚ್ಚದೆಯೇ ಅದನ್ನು ಕೋಳಿ ಗೂಡಿಗೆ ಎಸೆದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ಇವಳಿಗೆ ಹಳದಿಯಲ್ಲೂ ಕರಿಯೇ ಕಂಡಿತು. ಮಗ ಗೋಧಿ ಉಗ್ರಾಣದ ಪಾಳಿಯಲ್ಲಿ, ಮನೆಗೆ ಬರುವುದು ಭಾನುವಾರ. ತಾನೂ ಕಣ್ಣು ಮುಚ್ಚಿದರೆ ಈ ಮನೆ ಯಾರಿಗೆ? ಸೆವ್ದಾಳಿಗೆ.

ಕೆಲವು ದಿನ ಕಳೆದು, ಹಗ್ಗದ ಮೇಲೆ ಒಣಗಿದ್ದ ಶಾಲು ತೆಗೆಯುವಾಗ ಬೆರಳಿಗೆ ಏನೋ ತಾಗಿತು. ಅಂಚಿನುದ್ದಕ್ಕೂ ಒರಟಾದ ಬೂದು ದಾರದ ಹೊಲಿಗೆ. ಅವಳು ಹಾಕಿದ್ದಲ್ಲ. ನೆರೆಮನೆಯ ಯೊನ್ಕಾಳ ಬಳಿಗೆ ಓಡಿದಳು. ಊರಿನ ಮಾಟ-ಮಂತ್ರದ ಸುದ್ದಿಯೆಲ್ಲ ಯೊನ್ಕಾಳ ನಾಲಿಗೆಯ ಮೇಲೆ.

"ಅಯ್ಯೋ ವೆಲಿಕಾ, ಇದು ಮಾಟಾನೇ ಕಣೆ! ಬೂದಿ ಬಣ್ಣ ನೋಡು. ನಿನ್ನ ಸುಟ್ಟು ಬೂದಿ ಮಾಡೋಕೇ ಹೊಲಿದಿದ್ದು."

"ಏನೇ ಮಾಡ್ಲಿ ಈಗ?"

"ಬಿಚ್ಚಿ ಬಿಸಾಡಿದ್ರೆ ಹೋಗಲ್ಲ. ಹೊಲಿದೋಳ ಬಟ್ಟೆಗೇ ತಿರುಗಿ ಹೊಲಿ, ಅವಳಿಗೆ ಗೊತ್ತಾಗ್ದಂಗೆ. ಬಂದ ದಾರಿ ಹಿಡೀತದೆ."

ಮನೆಯಲ್ಲಿ ಸೂಜಿ ಹಿಡಿಯುವವಳು ಇನ್ಯಾರು? ವೆಲಿಕಾ ಮೂರು ಸಲ ಉಗುಳಿ, ದಾರವನ್ನು ಬಿಚ್ಚಿ, ಸೆವ್ದಾಳ ಕಪ್ಪು ಕೋಟಿನ ಬೆನ್ನಿಗೆ, ಕೊರಳಿನಿಂದ ಕೆಳಗಿನ ಅಂಚಿನವರೆಗೆ ಹೊಲಿದಳು. ಮಾವನಿಗಾಗಿ ಅವಳೂ ಕಪ್ಪನ್ನೇ ತೊಡುತ್ತಿದ್ದಳು. ಪಾಪವೆಂದು ಒಂದು ಗಳಿಗೆಯೂ ಅನ್ನಿಸಲಿಲ್ಲ.

ಮರುದಿನ ಸಂಜೆ ಮಂಜು ಕವಿದಿತ್ತು. ಬಸ್ಸಿಳಿದ ಸೆವ್ದಾ ಮನೆಗೆ ಹೋಗದೆ ನೇರ ಕಂಬದ ಬಳಿಗೆ ಬಂದಳು.

"ನಡೀರಿ ಅತ್ತೆ, ಕೈ ಹಿಡ್ಕೊಳ್ಳಿ."

"ಕೈ ಗೀ ಹಿಡಿಯೋದು ಬೇಡ. ನೀನು ಮುಂದೆ ನಡಿ. ಬೆನ್ನ ಹಿಂದೆ ಬರಬೇಡ."

ಸೆವ್ದಾ ನಿಟ್ಟುಸಿರು ಬಿಟ್ಟು ಮುಂದೆ ನಡೆದಳು. ಚರಂಡಿಯಲ್ಲಿ ನೀರಿತ್ತು, ಡಾಂಬರಿನ ಮೇಲೆಯೇ ನಡೆಯಬೇಕು. ವೆಲಿಕಾ ಸ್ವಲ್ಪ ದೂರ ಬಿಟ್ಟು ಹಿಂದೆ ಬಂದಳು. ಲಾರಿಯ ಸದ್ದು ಕೇಳಿಸಿದ್ದೇ ತಡ, ಅದು ಪಕ್ಕದಲ್ಲೇ ಇತ್ತು. ಅದರ ಗಾಳಿ ಅವಳ ಶಾಲನ್ನು ಎಳೆಯಿತು, ಅವಳು ಚರಂಡಿಗೆ ಉರುಳಿದಳು. ಬಿದ್ದಲ್ಲಿಂದಲೇ ನೋಡಿದಳು: ಲಾರಿಯ ಬೆಳಕು ಸೊಸೆಯ ಬೆನ್ನಿಗೆ ಬಿದ್ದದ್ದೇ ಆ ಬೂದು ಹೊಲಿಗೆ ಬೆಳ್ಳಗೆ ಧಗ್ಗನೆ ಉರಿಯಿತು. ಬ್ರೇಕ್ ಕಿರುಚಿತು. ಲಾರಿ ಅತ್ತ ಸರಿದು, ಸೆವ್ದಾಳನ್ನು ದಾಟಿ ನಿಂತಿತು.

ಚಾಲಕ ಇಳಿದು ಓಡಿ ಬಂದ. "ಈ ಹುಡುಗಿ ಕಂಡ್ಳು. ನೀವೆಲ್ಲಿದ್ರಿ ಅಜ್ಜಿ? ದೇವರಾಣೆ, ನಿಮ್ಮನ್ನ ನಾನು ನೋಡ್ಲೇ ಇಲ್ಲ!"

ವೆಲಿಕಾ ಎಂದಿನಂತೆ ಲಾರಿಯ ಮೂತಿ ನೋಡಲು ಹೋಗಲಿಲ್ಲ. ಸೆವ್ದಾ ಅವಳನ್ನು ಮೇಲೆತ್ತಿ, ಕೋಟು ಬಿಚ್ಚಿ ಹೊದಿಸಹೋದಳು. ಲಾರಿಯ ಹಿಂದಿನ ದೀಪದಲ್ಲಿ ಹೊಲಿಗೆ ಮತ್ತೆ ಹೊಳೆಯಿತು. ಸೆವ್ದಾ ಅದನ್ನೇ ನೋಡುತ್ತ ನಿಂತುಬಿಟ್ಟಳು.

"ಇದು ನಾನು ನಿಮ್ಮ ಶಾಲಿಗೆ ಹೊಲಿದಿದ್ದು, ಬೆಳಕು ಬಿದ್ರೆ ಹೊಳೆಯೋ ಕಾರ್ಖಾನೆ ದಾರ. ಹಗಲಲ್ಲಿ ಯಾರಿಗೂ ಕಾಣಲ್ಲ, ಕಪ್ಪು ಕಪ್ಪಾಗೇ ಇರುತ್ತೆ ಅಂತ. ಬಿಚ್ಚಿ ನನಗೆ ಹಾಕಿಬಿಟ್ರಾ? ನಿಮ್ಮ ಜೀವ ಬೇಡ್ವಾ ಅತ್ತೆ ನಿಮಗೆ?" ಎನ್ನುತ್ತ ಅವಳು ವೆಲಿಕಾಳನ್ನು ಬಿಗಿಯಾಗಿ ತಬ್ಬಿ ಗೊಳೋ ಎಂದು ಅತ್ತಳು.

ಮಾಟ ತಿರುಗಲೆಂದು ಹೊಲಿದೆ ಎಂಬ ನಿಜ ವೆಲಿಕಾಳ ನಾಲಿಗೆಯ ತುದಿಗೆ ಬಂತು. ಆ ಅಪ್ಪುಗೆಯೊಳಗಿಂದ ಅದನ್ನು ಹೇಗೆ ಹೇಳುವುದು? ನಾಚಿಕೆಯಿಂದ ಅವಳ ಮೈಯೆಲ್ಲ ಬಿಸಿಯಾಯಿತು.

"ನಾಳೆ ಇನ್ನಷ್ಟು ದಾರ ತಗೊಂಬಾ," ಎಂದಳು ಕೊನೆಗೆ.

ಸೆವ್ದಾ ಕಣ್ಣೊರೆಸಿಕೊಂಡು ಕೋಟು ತೊಟ್ಟಳು. "ಈಗ ನೀವು ಮುಂದೆ ನಡೀರಿ. ಹೊಳೆಯೋಳು ಹಿಂದೆ ಇರಬೇಕು."

ವೆಲಿಕಾ ಮುಂದೆ ನಡೆದಳು. ಬೆನ್ನ ಹಿಂದೆ ಸೊಸೆಯ ಹೆಜ್ಜೆಯ ಸದ್ದು ಮನೆಯವರೆಗೂ ಬಂತು. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ.