ಎಡಗಡೆ ನಿಂತ ಅಮ್ಮ

ಫ್ರೆಂಡ್ಸ್, ಕಾಟಿಪಳ್ಳದ ನಮ್ಮ ಮನೆಯಲ್ಲಿ ಇವತ್ತು ಸಣ್ಣ ಜಗಳ. ನನ್ನ ಕಾದಂಬರಿಯನ್ನು ಗೆಳತಿ ಲವೀನಾ ಕಾಮಿಕ್ಸ್ ಮಾಡುತ್ತಿದ್ದಾಳೆ. ಅದರಲ್ಲಿ ಮುಂಬೈಗೆ ಕೆಲಸಕ್ಕೆ ಹೊರಟ ಮಗಳು "ನಾನು ಹೋಗ್ತೇನೆ" ಎನ್ನುತ್ತಾಳೆ. ತಾಯಿ ಅಳು ನುಂಗಿ "ಹೋಗು" ಎನ್ನುತ್ತಾಳೆ. ಚಿತ್ರದಲ್ಲಿ ತಾಯಿ ಎಡಗಡೆ ನಿಂತದ್ದರಿಂದ, ಎಡದಿಂದ ಓದುವಾಗ ಅವಳ "ಹೋಗು" ಮೊದಲು ಬಂದಿತ್ತು.

ಮೊಬೈಲಿನಲ್ಲಿ ಅದನ್ನು ನೋಡಿ ನನ್ನ ಅಮ್ಮ ಸಪ್ಪಗಾದರು. "ನಾನು ಯಾವಾಗ ನಿನ್ನನ್ನು ಮನೆಯಿಂದ ಓಡಿಸಿದ್ದು ಮಾರಾಯ್ತಿ?"

ಲವೀನಾಗೆ ಫೋನ್ ಮಾಡಿದೆ. "ಬಾಗಿಲು ಬಲಗಡೆ ಉಂಟಲ್ಲ? ಹೊರಡುವವಳು ಅಲ್ಲೇ ನಿಲ್ಲಬೇಕಲ್ವಾ?" ಎಂದಳು.

ಅಮ್ಮ ಫೋನ್ ಕಿತ್ತುಕೊಂಡರು. "ಬಾಗಿಲನ್ನು ಎಡಗಡೆಗೆ ಹಾಕು ಮಗಾ. ಮೊದಲು ಹೋಗ್ತೇನೆ ಅಂದದ್ದು ಇವಳೇ. ಊರಿಗೆಲ್ಲ ಗೊತ್ತಾಗ್ಲಿ."

ಕಾದಂಬರಿ ಬರೀ ಕಲ್ಪನೆ ಎಂದು ಎಲ್ಲರಿಗೂ ಹೇಳುತ್ತಾ ಬಂದವಳು ನಾನು. ಇವತ್ತು ಫೋನ್ ವಾಪಸ್ ತೆಗೆದುಕೊಂಡು "ಅಮ್ಮ ಹೇಳಿದ ಹಾಗೇ ಬಿಡಿಸು" ಎಂದೆ.