ಬಾದಾಮಿಗೆ ಎರಡು ಗಂಟೆ

ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಅಷ್ಟು ದಿನದಲ್ಲಿ ನಾನು ನೋಡಿದ್ದ ದೂರದ ಊರೆಂದರೆ ಒಂದು ಕಡೆ ಘಾಟಿ, ಇನ್ನೊಂದು ಕಡೆ ಬೆಂಗಳೂರು. ರೈಲು ಮಾಕಳಿದುರ್ಗದ ಬೆಟ್ಟ ಬಳಸಿಕೊಂಡು ಆಚೆಗೆ ಹೋಗುತ್ತದೆ ಎಂದು ಗೊತ್ತಿತ್ತು. ಆಚೆ ಏನಿದೆ ಅಂತ ಗೊತ್ತಿರಲಿಲ್ಲ. ಅದರ ಸಂಕಟವೇನೂ ನನಗಿರಲಿಲ್ಲ. ಸಂಕಟವಿದ್ದದ್ದು ಹರಕೆಯದು.

ಮಗಳಿಗೆ ಎರಡು ವರ್ಷವಾಗಿದ್ದಾಗ ಜ್ವರ ಬಂದು ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಬಾದಾಮಿಯ ಬನಶಂಕರಿ ನೇಯ್ಗೆಯವರಾದ ನಮಗೆ ಮನೆದೇವರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ತಾಯಿ, ಇವಳನ್ನ ಉಳಿಸಿಕೊಡು. ನಮ್ಮ ಮಗ್ಗದಲ್ಲೇ ನೇಯ್ದ ಸೀರೆ ತಂದು ಇವಳ ಕೈಯಿಂದಲೇ ಕೊಡಿಸ್ತೀನಿ" ಅಂದಿದ್ದೆ. ನಾಲ್ಕನೇ ದಿನ ಮಗು ಗಂಜಿ ಕೇಳಿತು. ಅಲ್ಲಿಂದ ಐದು ವರ್ಷ ಕಳೆದರೂ ನಾನು ಬಾದಾಮಿ ಮುಖ ನೋಡಿರಲಿಲ್ಲ. ಮಗಳು ಒಂದು ಸಲ ಕೆಮ್ಮಿದರೂ ನನಗೆ ಕೈಕಾಲು ಆಡುತ್ತಿರಲಿಲ್ಲ. ದೇವರು ಜ್ಞಾಪಿಸುತ್ತಿದ್ದಾಳೆ ಅನ್ನಿಸುತ್ತಿತ್ತು.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟು ಎರಡು ತಿಂಗಳೂ ಆಗಿರಲಿಲ್ಲ. ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ಚರಿತ್ರೆ ಮೇಷ್ಟ್ರಿಗೆ ಅದೇ ಒಂದು ಹುರುಪು. ಡಿಸೆಂಬರಿನ ರಜೆಯಲ್ಲಿ ಬೀದಿಯವರೆಲ್ಲ ಸೇರಿ ಒಂದು ಬಸ್ಸು ಮಾಡಿಕೊಂಡು ನಾಡು ನೋಡಿ ಬರೋಣ ಅಂತ ಹೊರಡಿಸಿದರು. ಯಜಮಾನರು ಮೊದಲು ಹೂಂ ಅಂದವರಲ್ಲಿ ಒಬ್ಬರು. ಅವರಿಗೆ ಬಿಜಾಪುರದ ಗುಮ್ಮಟದಲ್ಲಿ ನಿಂತು ಒಂದು ಸಲ ಕೂಗಬೇಕು, ಅದು ಏಳು ಸಲ ಕೂಗುವುದನ್ನು ಕೇಳಬೇಕು. ಅಷ್ಟೇ ಆಸೆ.

ಮೇಷ್ಟ್ರು ಸ್ಕೂಲಿನ ಭೂಪಟವನ್ನು ನಮ್ಮ ಜಗುಲಿಯ ಮೇಲೆ ಹಾಸಿದರು. ಒಳಗೆ ಮಗ್ಗ ಓಡುತ್ತಿದ್ದುದರಿಂದ ಗಂಟಲು ಹರಿದುಕೊಂಡೇ ಹೇಳಬೇಕು.

"ಇಗೋ, ಇಷ್ಟು ನಾವು, ಮಹಾರಾಜರ ಕಡೆಯೋರು. ಇದು ಬೊಂಬಾಯಿ ಕಡೆಯಿಂದ ಬಂದದ್ದು. ಇದು ನಿಜಾಮರದಾಗಿತ್ತು. ಹೆಸರು ಒಂದಾಯ್ತು, ಮುಖ ನೋಡಿಕೊಂಡಿಲ್ಲ ಇನ್ನೂ!"

"ಅಲ್ಲೆಲ್ಲ ಮುದ್ದೆ ಸಿಗ್ತದಾ ಮೇಷ್ಟ್ರೇ?" ಅಂದರು ನಮ್ಮ ಅತ್ತೆ ಒಳಗಿನಿಂದ.

"ರೊಟ್ಟಿ ಸಿಗ್ತದೆ ಅಜ್ಜಿ. ಜೋಳದ್ದು."

"ನನಗಿರೋವು ನಾಲ್ಕು ಹಲ್ಲು ಕಣಪ್ಪಾ. ಅದನ್ನೂ ಅಲ್ಲೇ ಬಿಟ್ಟು ಬರಾಣಾ?"

ನಾನು ಬಾಗಿಲ ಹಿಂದೆ ಕಂಡಿಕೆ ಸುತ್ತುತ್ತ ಕೂತಿದ್ದೆ. ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವುದು ಮನೆಯ ಹೆಂಗಸರ ಕೆಲಸ. ಕೈ ರಾಟೆಯ ಮೇಲಿದ್ದರೂ ಕಿವಿ ಜಗುಲಿಯಲ್ಲಿತ್ತು. ಚಿತ್ರದುರ್ಗ ಒಂದು ದಿನ, ಹಂಪಿ ಒಂದು ದಿನ. ಆಮೇಲೆ, "ಬಾದಾಮಿಗೆ ಎರಡು ಗಂಟೆ. ಗುಹೆ ನೋಡೋದು, ಊಟ ಮಾಡೋದು, ಐಹೊಳೆಗೆ ಬಿಡೋದು" ಅಂದರು. ಬನಶಂಕರಿಯ ಹೆಸರೇ ಬರಲಿಲ್ಲ. ನೂಲು ಪಟ್ಟನೆ ಕಿತ್ತುಹೋಯಿತು.

ಗಂಡಸರು ಕೂತಿರುವ ಕಡೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಆದರೂ ಎದ್ದು ಹೋಗಿ ಬಾಗಿಲಲ್ಲಿ ನಿಂತೆ.

"ಬನಶಂಕರಿ ಎಲ್ಲಿ ಮೇಷ್ಟ್ರೇ?"

"ಅದು ಊರಿಂದ ಆಚೆ ತಾಯಿ, ಮೂರು ಮೈಲಿ. ನಾವು ಚರಿತ್ರೆ ನೋಡಕ್ಕೆ ಹೋಗ್ತಾ ಇರೋದು."

ಅತ್ತೆ ನನ್ನ ಹಿಂದೆಯೇ ಬಂದರು. "ಗುಹೆ ನೋಡಕ್ಕೆ ಅಷ್ಟು ದೂರ ಯಾಕಪ್ಪಾ? ನಮ್ಮನೆ ಅಡುಗೆಮನೆ ಬಂದು ನೋಡು, ಕಿಟಕೀನೂ ಇಲ್ಲ. ನಮ್ಮಮ್ಮನ ಊರಿಗೆ ಹೋಗಿ ಅವಳ ಬಾಗಿಲಿಗೆ ಹೋಗದೆ ಬಂದರೆ ಈ ಬೀದೀಲಿ ಯಾವ ಮಗ್ಗ ಓಡ್ತದೆ?"

ಮೇಷ್ಟ್ರು ನಕ್ಕು ಪೆನ್ಸಿಲ್ ತೆಗೆದರು. ಬೆಳಗ್ಗೆ ಮೊದಲು ಬನಶಂಕರಿಗೆ ಅರ್ಧ ಗಂಟೆ, ಆಮೇಲೆ ಗುಹೆ ಎಂದು ತಿದ್ದಿದರು. ನನಗೆ ಅರ್ಧ ಗಂಟೆ ಸಾಕಾಗಿತ್ತು. ಸಿಕ್ಕಿತಲ್ಲ, ಅದೇ ದೊಡ್ಡದು.

ಸೀರೆಗೆಂದು ಯಜಮಾನರು ನಮ್ಮದೇ ರೇಷ್ಮೆಯಲ್ಲಿ ಗಿಡ್ಡ ಹಾಸೊಂದನ್ನು ಮಗ್ಗಕ್ಕೆ ಏರಿಸಿದರು. ಮೂರು ಸೀರೆಗಾಗುವಷ್ಟು ಉದ್ದ. ಉದ್ದಕ್ಕೆ ಹಾಯುವ ಹಾಸು ಒಂದೇ ಆದರೂ ಅಡ್ಡಕ್ಕೆ ಹಾಯುವ ಹೊಕ್ಕಿನ ಬಣ್ಣ ಬದಲಾಯಿಸಿದರೆ ಸೀರೆ ಬೇರೆಯಾಗುತ್ತದೆ. ಮೊದಲು ನನಗೆ ಹಸಿರು, ಆಮೇಲೆ ಅತ್ತೆಗೆ ನೀಲಿ, ಕೊನೆಗೆ ಅಮ್ಮನವರಿಗೆ ಕೆಂಪು. ಹಾಗೇ ಕ್ರಮವಾಗಿ ಹೋಗಬೇಕು ಅಂದರು ಇವರು. ಮಗ್ಗ ಖಾಲಿಯಾಗುವಾಗ ಇಳಿಯುವ ಸೀರೆಯೇ ದೇವರಿಗೆ ಹೋದರೆ ಮನೆಗೆ ನೆಮ್ಮದಿಯಾಗಿ ಬೀಗ ಹಾಕಿ ಹೊರಡಬಹುದು. ಮಗ್ಗದ ಮೇಲೆ ಹಾಸು ಇದ್ದಾಗ ಮನೆಯ ಹೆಂಗಸು ಊರು ಬಿಡಬಾರದು ಅನ್ನುವುದು ನಮ್ಮ ಮನೆಯ ಪದ್ಧತಿ. ಬಸುರಿಯನ್ನು ಒಬ್ಬಳನ್ನೇ ಮನೆಯಲ್ಲಿ ಬಿಟ್ಟು ಹೋದ ಹಾಗೆ ಅದು ಅನ್ನುತ್ತಿದ್ದರು.

ಬಸ್ಸು ಬುಧವಾರ ಬೆಳಗ್ಗೆ. ದಿನಕ್ಕೊಂದು ಸೀರೆ. ಭಾನುವಾರ ಹಸಿರು, ಸೋಮವಾರ ನೀಲಿ, ಮಂಗಳವಾರ ಕೆಂಪು. ಇವರು ಬೆರಳಲ್ಲೇ ಎಣಿಸಿ, "ಸರಿಹೋಯ್ತು ನೋಡು" ಅಂದರು. ನಾನೂ ಸರಿ ಅಂದೆ.

ಭಾನುವಾರ ಸಾಯಂಕಾಲ ಹಸಿರು ಸೀರೆ ಇಳಿಯಿತು. ಆಗ ಅತ್ತೆ ಕೇಳಿದರು: "ನಾಳೆ ಎಳ್ಳು ಬತ್ತಿ ಹಚ್ಚಕ್ಕೆ ಎಣ್ಣೆ ಇದೆಯೇನೇ?"

"ನಾಳೆ ಏನು ಅತ್ತೆ?"

"ಅಮಾಸೆ ಅಲ್ವಾ."

ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ಅಮಾವಾಸ್ಯೆ ದಿನ ನಮ್ಮಲ್ಲಿ ಯಾರೂ ಲಾಳಿ ಮುಟ್ಟುವುದಿಲ್ಲ. ನೇಯ್ಗೆಯವರ ಮನೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯ. ಹುಟ್ಟಿದಾಗಿನಿಂದ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ದಿನ ಎಣಿಸಿದವರು, ಆ ಒಂದು ವಾರ ಮೇಷ್ಟ್ರ ಇಂಗ್ಲಿಷ್ ಕ್ಯಾಲೆಂಡರು ನೋಡಿಕೊಂಡು ದಿನ ಹಾಕಿದ್ದೆವು!

ಸೋಮವಾರ ಮನೆಯೆಲ್ಲ ಸದ್ದಿಲ್ಲದೆ ಬಿದ್ದಿತ್ತು. ಮಗ್ಗ ನಿಂತ ಮನೆಯಲ್ಲಿ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಚಕ್ಕುಲಿ ಡಬ್ಬಿಯನ್ನು ಮೂರು ಸಲ ಕಟ್ಟಿ ಮೂರು ಸಲ ಬಿಚ್ಚಿದೆ. ಮಗಳಿಗೆ ಮೂಗು ಸೋರುತ್ತಿತ್ತು. ಅವಳ ಹಣೆ ಮುಟ್ಟಿ ಮುಟ್ಟಿ, "ಬಿಡಮ್ಮಾ!" ಅನ್ನಿಸಿಕೊಂಡೆ. ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಇವರು ತಲೆ ತಗ್ಗಿಸಿಕೊಂಡೇ ಹೇಳಿದರು: "ಒಂದೇ ದಿನದಲ್ಲಿ ಎರಡು ಸೀರೆ ಆಗಲ್ಲ. ಕರೆಂಟು ಬೇರೆ ಯಾವಾಗ ಹೋಗ್ತದೋ. ಮುಂದಿನ ವರ್ಷ ನೋಡಣ."

ಸಾರಿನ ಸೌಟನ್ನು ಪಾತ್ರೆಗೆ ಹಾಕಿದೆ. "ಐದು ವರ್ಷದಿಂದ ಮುಂದಿನ ವರ್ಷಾನೇ ಆಗಿದೆ" ಅಂದೆ. ಅಷ್ಟು ಗಟ್ಟಿಯಾಗಿ ಅವರ ಮುಂದೆ ಅದಕ್ಕೆ ಮೊದಲು ಮಾತಾಡಿರಲಿಲ್ಲ.

ಅತ್ತೆ ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. "ನಾಳೆ ಕೆಂಪು ಹೊಕ್ಕು ಹಾಕೋ. ನನ್ನ ನೀಲಿ ಮಗ್ಗದ ಮೇಲೇ ಇರಲಿ."

"ಹಾಸು ಉಳೀತದಲ್ಲವ್ವಾ. ಹಾಸು ಬಿಟ್ಟು ಇವಳು ಹೆಂಗೆ ಊರು ಬಿಡ್ತಾಳೆ?"

"ಥೂ, ಅದು ಯಾವ ಶಾಸ್ತ್ರ ಕಣೋ! ನಾನು ತಿಂಗಳಿಗೊಂದು ಸಲ ತವರಿಗೆ ಓಡ್ತೀನಿ ಅಂತ ನಮ್ಮತ್ತೆ ಕಟ್ಟಿದ ಮಾತು ಅದು. ಮಾವನೋರಿಗೆ ಹೇಳಿ ಯಾವಾಗ ನೋಡಿದರೂ ಒಂದು ಹಾಸು ಏರಿಸೇ ಇಡ್ಸೋಳು. ನಾನು ತವರಿನ ಮುಖ ನೋಡಬೇಕಾದರೆ ಮೂರು ವರ್ಷ ಆಯ್ತು."

ಇವರು ತಟ್ಟೆಯಿಂದ ತಲೆ ಎತ್ತಿದರು. "ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನನಗೂ ಸೊಸೆ ಬಂದ್ಲಲ್ಲ" ಅಂದು ಮುದ್ದೆ ನುಂಗಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನನ್ನ ತವರು ಹೊಸಕೋಟೆ. ಅಲ್ಲಿಗೆ ಹೋಗಬೇಕು ಅಂದಾಗೆಲ್ಲ ಮಗ್ಗದ ಕಡೆ ಕೈ ತೋರಿಸುತ್ತಿದ್ದವರು ಅತ್ತೆಯೇ.

"ನಿನಗೆ ಅಷ್ಟು ಕಳವಳ ಆದ್ರೆ ಹಾಸಿನ ಜೊತೆ ನಾನಿರ್ತೀನಿ. ಬಸ್ಸಲ್ಲಿ ನನಗೆ ವಾಂತಿ ಬೇರೆ" ಅಂದರು ಅತ್ತೆ, ಮಗನಿಗೆ.

ಮಂಗಳವಾರ ಬೆಳಕು ಹರಿಯುವುದಕ್ಕೆ ಮುಂಚೆ ಮಗ್ಗ ಶುರುವಾಯಿತು. ಮಧ್ಯಾಹ್ನ ಮೂರು ಗಂಟೆಗೆ, ಸೆರಗು ಇನ್ನೂ ಒಂದು ಗೇಣು ಬಾಕಿ ಇದ್ದಾಗ ಕರೆಂಟು ಹೋಯಿತು. ಹಿತ್ತಲಿಗೂ ಬೀದಿಗೂ ಎಷ್ಟು ಸಲ ಓಡಾಡಿದೆನೋ. ದೀಪ ಹಚ್ಚುವ ಹೊತ್ತಿಗೆ ಬಂತು. ಅಷ್ಟು ಕರುಣೆ ತೋರಿಸಿದಳು ತಾಯಿ. ಸೀರೆ ಇಳಿದು ಕೈಗೆ ಬಂದಾಗ ಇನ್ನೂ ಮಗ್ಗದ ಬಿಸುಪಿತ್ತು.

ಮೂರನೇ ದಿನ ಬೆಳಗ್ಗೆ ಬನಶಂಕರಿಯಲ್ಲಿ ಇಳಿದೆವು. ಮಗಳ ಕೈಗೆ ಸೀರೆ ಕೊಟ್ಟು ಮುಂದೆ ತಳ್ಳಿದೆ. ಸೀರೆ ನೆಲಕ್ಕೆ ತಾಗೀತು ಅಂತ ಒಂದು ಕಣ್ಣು, ಮಗಳು ಹೊಸಿಲು ಎಡವಿಯಾಳು ಅಂತ ಇನ್ನೊಂದು ಕಣ್ಣು. ಹೊರಗೆ ಬಸ್ಸಿನವನು ಹಾರನ್ ಬಾರಿಸುತ್ತಿದ್ದ. ಪೂಜಾರಿಗಳು ಸೀರೆ ಇಸಿದುಕೊಂಡು ಅಮ್ಮನವರ ಪಾದದ ಹತ್ತಿರ ಇಟ್ಟರು, ಕುಂಕುಮ ಕೊಟ್ಟರು. ಮುಗಿಯಿತು. ಆಮೇಲೆ ಬಿಜಾಪುರದಲ್ಲಿ ಇವರು ಕೂಗಿದರು, ಏಳು ಸಲವೂ ಕೇಳಿಸಿತಂತೆ. ನಾನು ಮಗಳ ಹಣೆ ಮುಟ್ಟಿ ನೋಡುತ್ತಿದ್ದೆ. ತಣ್ಣಗಿತ್ತು.

ವಾಪಸು ಬಂದಾಗ ಅತ್ತೆ ಜಗುಲಿಯಲ್ಲೇ ಇದ್ದರು. ಕುಂಕುಮ ಹಣೆಗಿಟ್ಟುಕೊಂಡು ಮೊದಲು ಕೇಳಿದ್ದೇ, "ಅಮ್ಮನ ಮುಖ ಹೆಂಗಿತ್ತೇ?"

ಜ್ಞಾಪಿಸಿಕೊಂಡೆ. ಸೀರೆಯ ಅಂಚು ಜ್ಞಾಪಕಕ್ಕೆ ಬಂತು, ಹೊಸಿಲು ಬಂತು, ಹಾರನ್ನೂ ಬಂತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನೋಡಲೇ ಇಲ್ಲ ಅತ್ತೆ."

ಅವರು ಆ ನಾಲ್ಕು ಹಲ್ಲೂ ಕಾಣುವ ಹಾಗೆ ನಕ್ಕುಬಿಟ್ಟರು. "ಅಷ್ಟು ದೂರ ಹೋಗಿ! ಹಂಗಾದ್ರೆ ಇನ್ನೊಂದ್ಸಲ ಹೋಗ್ಲೇಬೇಕಾಯ್ತು. ನಾನೂ ಬರ್ತೀನಿ. ನೀಲೀ ಸೀರೆ ಉಟ್ಕೊಂಡೇ ಬರ್ತೀನಿ."

"ವಾಂತಿ?"

"ಯಾರಿಗೆ ವಾಂತಿ? ನಾನೆಲ್ಲಿ ಬಸ್ಸು ಹತ್ತಿದ್ದೀನಿ, ವಾಂತಿ ಆಗ್ತದೆ ಅಂತ ಗೊತ್ತಾಗಕ್ಕೆ?"

ಚೀಲವನ್ನು ಅಲ್ಲೇ ಇಟ್ಟು, ಕಾಲು ತೊಳೆದುಕೊಂಡು ಒಳಗೆ ಬಂದೆ. ಮಗ್ಗದ ಮೇಲೆ ಹಾಸು ಹಾಗೇ ಇತ್ತು. ಧೂಳು ಕೂರದಿರಲೆಂದು ಅತ್ತೆ ತಮ್ಮ ಹಳೆಯ ಸೀರೆಯೊಂದನ್ನು ಮೇಲೆ ಹೊದಿಸಿದ್ದರು. ನಾನು ರಾಟೆ ಎಳೆದುಕೊಂಡು ನೀಲಿ ಕಂಡಿಕೆ ಸುತ್ತಲು ಕೂತೆ.